ನಾಲ್ಕು ಶಾಕ್ ಅಬ್ಸಾರ್ಬರ್, ಒಂದು ತಂಬಿಗೆ ನೀರು

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನನ್ನ ಕಾರಿಗೆ ನಾನು ಹಾಕಿಸಿದ ಹೊಸ ಶಾಕ್ ಅಬ್ಸಾರ್ಬರುಗಳಲ್ಲಿ ಯಾವ ದೋಷವೂ ಇರಲಿಲ್ಲ. ಇಂದಿಗೂ ಇಲ್ಲ. ಇದನ್ನು ಓದಿದ ಮೇಲೆ ನಿಮಗೆ ಬೇರೆ ಅಭಿಪ್ರಾಯ ಬರಬಹುದು. ನನ್ನ ಹೆಂಡತಿಗೆ ಬಂದಿದೆ, ಮಗಳಿಗೆ ಬಂದಿದೆ, ಬೀಗತಿಗಂತೂ ಮೈತುಂಬ ಬಂದಿದೆ. ಆದರೆ ನಾನು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಎಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ, ಇಪ್ಪತ್ತಾರು ವರ್ಷ ಕುಳಿತವನು. ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ವೃತ್ತಿ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ತೀರ್ಪು ನಿಮಗೆ ಬಿಟ್ಟದ್ದು. ಒಪ್ಪುವುದು ಬಿಡುವುದು ನನಗೆ ಬಿಟ್ಟದ್ದು!

ನನ್ನ ಕಾರು ಚಿಕ್ಕದು, ಕೆಂಪು. ಹಿಂಭಾಗದಲ್ಲಿ ಒಂದು ರೆಕ್ಕೆ, ಮೂತಿಯಿಂದ ಬೆನ್ನಿನವರೆಗೆ ಎರಡು ಕರಿ ಪಟ್ಟಿ. ಚಿಕ್ಕೋಡಿಯ ಒಬ್ಬ ಹಲ್ಲಿನ ವೈದ್ಯರು ಎರಡು ವರ್ಷ ಓಡಿಸಿ, ಬೆಳೆದ ಮಕ್ಕಳ ಕಾಲು ಹಿಂದಿನ ಸೀಟಿನಲ್ಲಿ ಹಿಡಿಸುವುದಿಲ್ಲವೆಂದು ನನಗೆ ಮಾರಿದರು. ಐವತ್ತೈದರ ವಯಸ್ಸಿನಲ್ಲಿ ಇಂಥ ಹುಡುಗರ ಕಾರು ಯಾಕೆ ಎಂದು ಬಹಳ ಜನ ಕೇಳಿದ್ದಾರೆ. ಇಪ್ಪತ್ತಾರು ವರ್ಷ ನಾನು ಬೆಳಗಿನಿಂದ ಸಂಜೆಯವರೆಗೆ ನೋಡಿದ್ದು ಮನುಷ್ಯ ನಡೆಯುವಷ್ಟು ವೇಗದಲ್ಲಿ ಬರುವ ಕಬ್ಬಿನ ಟ್ರ್ಯಾಕ್ಟರುಗಳನ್ನು. ಒಬ್ಬ ಮನುಷ್ಯ ಎಷ್ಟು ನಿಧಾನ ಸಹಿಸಬಹುದು?

ನನ್ನ ಒಬ್ಬಳೇ ಮಗಳು ಅಶ್ವಿನಿಯನ್ನು ಕಾಗವಾಡದ ಹತ್ತಿರದ ಒಂದು ಹಳ್ಳಿಗೆ, ದ್ರಾಕ್ಷಿ ತೋಟದ ಮನೆಗೆ ಕೊಟ್ಟಿದ್ದೇವೆ. ಅವಳಿಗೆ ಏಳು ತಿಂಗಳು ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ. ಅವಳ ಅತ್ತೆ, ಎಂದರೆ ನನ್ನ ಬೀಗತಿ ಗಂಗವ್ವ, ಫೋನು ಮಾಡಿದರು.

"ಬೀಗರ, ಬರೂ ತಿಂಗಳ ಮೊದಲನೇ ಶುಕ್ರವಾರ ಚೊಲೊ ದಿನ ಐತ್ರಿ. ಉಡಿ ತುಂಬಿ ಕಳಸ್ತೀವಿ. ಹನ್ನೊಂದರ ಒಳಗ ಹೊಸ್ತಿಲಾ ದಾಟಬೇಕು. ಆದ್ರ ನಿಮ್ಮ ಕೆಂಪು ಕಾರ್ ತರಬ್ಯಾಡ್ರಿ."

"ಯಾಕ್ರಿ ಬೀಗತೇರ?"

"ದೀಪಾವಳಿಗೆ ಅದರಾಗ ಕುಂತು ಹೊಳಿತನಕಾ ಬಂದೇನಲ್ರಿ. ಮುಂದ ಬಾಗತೈತಿ, ಹಿಂದ ಬಾಗತೈತಿ, ಹೊಟ್ಟಿ ತೊಳಸತೈತಿ. ಎರಡ ಜೀವದಾಕಿ ಅದಾಳ ಹುಡುಗಿ. ನಮ್ಮ ಜೀಪ್‌ನ್ಯಾಗ ಕಳಸ್ತೀವಿ ಬಿಡ್ರಿ."

ಅವರ ಜೀಪು ನನ್ನ ಮದುವೆಗಿಂತ ಹಳೆಯದು. ಅದಲ್ಲ ವಿಷಯ. ಚೊಚ್ಚಲ ಹೆರಿಗೆಗೆ ಮಗಳನ್ನು ಅಪ್ಪನೇ ಹೋಗಿ ಕರೆತರಬೇಕು. ಬೀಗರು ತಮ್ಮ ಗಾಡಿಯಲ್ಲಿ ತಂದು ಬಾಗಿಲಿಗೆ ಬಿಟ್ಟುಹೋದರು ಎಂದರೆ ನಮ್ಮ ಓಣಿಯಲ್ಲಿ ನಾನು ತಲೆ ಎತ್ತುವ ಹಾಗಿಲ್ಲ. 

"ಬೀಗತೇರ, ಇನ್ನೂ ಹದಿನೈದು ದಿವಸ ಐತಿ. ಆವತ್ತ ನನ್ನ ಕಾರ್ ಅಲ್ಲಾಡಿದ್ರ ಕೇಳ್ರಿ!"

ಈ ಮಾತಿಗೆ ನಾನು ಇಂದಿಗೂ ಬದ್ಧ. ಕಾರು ಅಲ್ಲಾಡಲಿಲ್ಲ. ಅದರೊಳಗಿದ್ದವರು ಅಲ್ಲಾಡಿದರು.

"ಆತು, ತರ್ರಿ," ಎಂದರು ಗಂಗವ್ವ. "ಮೊದಲ ನಾ ಕುಂತ ನೋಡ್ತೀನಿ. ಆಮ್ಯಾಲ ಹುಡುಗಿ."

ಆ ದಿನವೇ ನಾನು ಅಧ್ಯಯನಕ್ಕೆ ತೊಡಗಿದೆ. ಫೋನಿನಲ್ಲಿ ಹನ್ನೊಂದು ವಿಡಿಯೊ ನೋಡಿದೆ. ಕಾರಿನ ಒಂದು ಮೂಲೆಯನ್ನು ಕೈಯಿಂದ ಒತ್ತಿ ಬಿಡಬೇಕು. ಅದು ಒಂದು ಸಲ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಗಟ್ಟಿ, ಮತ್ತೆ ಮತ್ತೆ ಕುಣಿದರೆ ಮುಗಿಯಿತು. ನಮ್ಮ ಕಾರು ನಾಲ್ಕು ಸಲ ಕುಣಿಯಿತು. ಹೋಲಿಕೆ ಬೇಕೆಂದು ಓಣಿಯಲ್ಲಿದ್ದ ಉಳಿದ ಕಾರುಗಳನ್ನೂ ಒತ್ತಿದೆ. ಮೂರನೆಯದು ಕೂಗಿಕೊಂಡಿತು. ಅದರ ಮಾಲೀಕರು ಬನಿಯನ್ನಿನಲ್ಲೇ ಓಡಿ ಬಂದರು. ವೈಜ್ಞಾನಿಕ ಪರೀಕ್ಷೆ ಎಂದು ಹೇಳಿದೆ. ಅವರು ನಂಬಲಿಲ್ಲ.

ಎರಡನೆಯ ಹೆಜ್ಜೆ ತೂಕ. ಯಾವ ಕಾರಿಗೆ ಎಂಥ ಶಾಕ್ ಅಬ್ಸಾರ್ಬರ್ ಬೇಕೆಂಬುದು ಅದು ಹೊರುವ ಭಾರದ ಮೇಲೆ ನಿಂತಿದೆ. ಅಂದಾಜು ನನಗೆ ಆಗದ ಮಾತು. ನನಗೆ ರಜೆಯಿದ್ದ ದಿನ ಹೆಂಡತಿ ಸುಮಿತ್ರಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಮ್ಮ ಕಾರ್ಖಾನೆಯ ಕಾಟಾದ ಮೇಲೆ ಕಾರು ನಿಲ್ಲಿಸಿದೆ. ದೊಡ್ಡ ಕೆಂಪು ಅಂಕಿಗಳು ಬೆಳಗಿದವು. ಹಿಂದೆ ಮೂವತ್ತು ಟ್ರ್ಯಾಕ್ಟರುಗಳ ಸಾಲು.

"ಒಂದ್ ಸ್ವಲ್ಪ ಇಳಿ," ಎಂದೆ. ಇಳಿದಳು. ಅಂಕಿ ಕೆಳಗೆ ಬಂತು.

"ಮತ್ತ ಹತ್ತು." ಹತ್ತಿದಳು. ಅಂಕಿ ಮೇಲೆ ಹೋಯಿತು. ಸಾಲಿನಲ್ಲಿದ್ದ ಒಬ್ಬ ಚಾಲಕ ಕಳೆಯುವ ಲೆಕ್ಕವನ್ನು ಬಾಯಲ್ಲೇ ಮಾಡಿ ಉತ್ತರವನ್ನು ದೊಡ್ಡದಾಗಿ ಹೇಳಿಬಿಟ್ಟ! ಸುಮಿತ್ರಾಳಿಗೆ ಆಗ ಅರ್ಥವಾಯಿತು.

"ನನ್ನ ತೂಕಾ ಮಾಡಾಕ ಕರಕೊಂಡ ಬಂದೀರಿ? ಕಬ್ಬಿನ ಜೋಡಿ?"

ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ನಾನು ಇನ್ನೂ ಅದೇ ಮನೆಯಲ್ಲಿ ಊಟ ಮಾಡಬೇಕು.

ಎಲ್ಲ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಿಪ್ಪಾಣಿಯ ಸದು ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಸದು ಒಳ್ಳೆಯ ಕೆಲಸಗಾರ. ಆದರೆ ಅವನ ಬದುಕೆಲ್ಲ ತಂಬಾಕಿನ ಟೆಂಪೊ ಮತ್ತು ಕಬ್ಬಿನ ಲಾರಿಗಳ ಕೆಳಗೆ ಕಳೆದದ್ದು. ಅವನ ಮೊದಲ ಪ್ರಶ್ನೆ ಬಂದೇ ಬಂತು.

"ಕಾಕಾ, ಲೋಡ್ ಎಷ್ಟ ಹಾಕ್ತೀರಿ?"

ನಾನು ಚೀಟಿ ಓದಿದೆ. ನಾನು, ಹೆಂಡತಿ, ಮಗಳು, ಬಂದರೆ ಅಳಿಯ, ಬಂದರೆ ಬೀಗತಿ, ಗಂಟುಮೂಟೆ, ಎರಡು ಪೆಟ್ಟಿಗೆ ದ್ರಾಕ್ಷಿ. ಹುಟ್ಟಲಿರುವ ಮೊಮ್ಮಗುವನ್ನೂ ಸೇರಿಸಿದ್ದೆ.

ಸದು ಕೂಡಿಸಿ ನೋಡಿ ಗಂಭೀರನಾದ. "ಬಾಪ್ ರೇ! ಇಷ್ಟ ಲೋಡಿಗೆ ಸಾದಾ ಮಾಲ್ ನಡ್ಯಾಂಗಿಲ್ಲ ಕಾಕಾ. ಕೊಲ್ಹಾಪುರದಾಗ ರೇಸ್ ಗಾಡೀದು ಸಿಗತೈತಿ. ಏಕದಮ್ ಕಡಕ್! ಕೆಳಗ ತಿರುಗಣಿ ಇರತೈತಿ. ತಿರುವಿದ್ರ ಟಿಕ್ ಟಿಕ್ ಅಂತೈತಿ. ನಿಮಗ ಬೇಕಾದಂಗ ಕಡಕ್ ಮಾಡ್ಕೋರಿ, ಮೆತ್ತಗ ಮಾಡ್ಕೋರಿ."

"ಎಷ್ಟು ಟಿಕ್?"

"ಬತ್ತೀಸ್. ಮೂವತ್ತೆರಡು."

ಮೂವತ್ತೆರಡು! ಅಳತೆಯಿರುವ ವಸ್ತು ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ. ಒಪ್ಪಿದೆ.

ಒಂದು ವಾರದ ಮೇಲೆ ನಾಲ್ಕೂ ಚಕ್ರಗಳಿಗೆ ನಾಲ್ಕು ಹಳದಿ ಬಣ್ಣದ ಶಾಕ್ ಅಬ್ಸಾರ್ಬರ್ ಬಂದು ಕುಳಿತವು. ಮೂಲೆ ಒತ್ತಿದೆ. ಕಾರು ಕದಲಲಿಲ್ಲ. ಎರಡೂ ಕೈಯಿಂದ ಒತ್ತಿದೆ. ಕದಲಲಿಲ್ಲ. ಸದು ಹತ್ತಿ ಕುಳಿತ. ಆಗಲೂ ಕದಲಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವಾಗ ನಾನು ಗಮನಿಸಿದ್ದು ಇಷ್ಟು. ತಿರುವುಗಳಲ್ಲಿ ಕಾರು ವಾಲಲಿಲ್ಲ. ಬ್ರೇಕು ಹಾಕಿದಾಗ ಮೂತಿ ಬಗ್ಗಿಸಲಿಲ್ಲ. ನನ್ನ ಕನ್ನಡಕ ಮೂಗಿನಿಂದ ಐದು ಸಲ ಇಳಿಯಿತು. ರಸ್ತೆಯಲ್ಲಿ ಬಿದ್ದಿದ್ದ ಒಂದು ಕಬ್ಬಿನ ಜಲ್ಲೆಯ ಮೇಲೆ ಉದ್ದಕ್ಕೆ ಹೋದಾಗ ಅದಕ್ಕೆ ಎಷ್ಟು ಗೆಣ್ಣು ಇದ್ದವೆಂದು ಸೀಟಿನಲ್ಲಿ ಕುಳಿತಲ್ಲೇ ತಿಳಿಯಿತು. ಒಂಬತ್ತು.

ಸುಮಿತ್ರಾಳನ್ನು ಕೂಡಿಸಿಕೊಂಡು ಊರ ಹೊರಗೆ ಒಂದು ಸುತ್ತು ಹೋದೆ. ಅವಳು ಒಂದು ಕೈಯಲ್ಲಿ ಬಾಗಿಲ ಹಿಡಿಕೆ, ಇನ್ನೊಂದು ಕೈಯಲ್ಲಿ ತನ್ನ ದವಡೆ ಹಿಡಿದುಕೊಂಡಿದ್ದಳು.

"ರೀ, ಟಾಯರ್ ಹಾಕೀರೋ, ಬರೇ ಗಾಲಿ ಮ್ಯಾಲ ಹೊಂಟೀರೋ?"

"ಇದು ರಸ್ತೆ ಹಿಡ್ಯೂ ಗುಣಾ. ಕಾರ್ ರಸ್ತೇನ ಗಟ್ಟಿ ಹಿಡಕೋತೈತಿ."

"ಯಾಕ ಹಿಡೀಬೇಕ್ರಿ ರಸ್ತೇನ? ಅದೇನ ಓಡಿ ಹೊಕ್ಕೈತೇನು?"

ತಾಂತ್ರಿಕ ವಿಷಯಗಳನ್ನು ಎಲ್ಲರಿಗೂ ತಿಳಿಸಿ ಹೇಳಲು ಆಗುವುದಿಲ್ಲ. ಆದರೂ ಏಳು ತಿಂಗಳ ಮಗಳು ಕೂಡುವ ಗಾಡಿ. ಸ್ವಲ್ಪ ಮೆತ್ತಗಿದ್ದರೆ ಒಳ್ಳೆಯದೆಂದು ನನಗೂ ಅನ್ನಿಸಿತು. ಸದುವಿಗೆ ಫೋನು ಮಾಡಿದೆ. "ಕಾಕಾ, ಅಠ್ಠಾವೀಸ್, ಇಪ್ಪತ್ತೆಂಟಕ್ಕ ಇಡ್ರಿ. ಗಾದಿ ಆಗತೈತಿ ಗಾದಿ!" ಎಂದ.

ಹಳೆಯ ಪಂಚೆ ಹಾಸಿ ಮಲಗಿ, ಒಂದೊಂದು ಚಕ್ರದ ಹಿಂದೆ ಕೈ ತೂರಿಸಿ, ತಿರುಗಣಿಯನ್ನು ಎಡಕ್ಕೆ ಪೂರ್ತಿ ತಿರುವಿದೆ. ಅಲ್ಲಿಂದ ಸೊನ್ನೆ. ಬಲಕ್ಕೆ ತಿರುವುತ್ತ ಒಂದು, ಎರಡು, ಮೂರು ಎಂದು ಇಪ್ಪತ್ತೆಂಟರವರೆಗೆ ಎಣಿಸಿದೆ. ಒಂದು ಟಿಕ್ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕೂ ಕಡೆ ಒಂದೇ ಸಮ. ಎರಡು ತಾಸು ಹಿಡಿಯಿತು.

ಕಾರು ಮೊದಲಿಗಿಂತ ಗಟ್ಟಿಯಾಯಿತು! ಹೊಸದು, ಪಳಗಬೇಕು ಎಂದುಕೊಂಡೆ.

ಪಳಗಲಿಲ್ಲ. ಶುಕ್ರವಾರಕ್ಕೆ ಎರಡೇ ದಿನ ಉಳಿಯಿತು. ನಾನು ಕಾಟಾದಲ್ಲಿ ಕುಳಿತು ಚಿಂತಿಸುತ್ತಿದ್ದಾಗ ಒಂದು ಖಾಲಿ ಟ್ರೇಲರು ಧಡಧಡ ಹಾರುತ್ತ ಗೇಟು ದಾಟಿ ಹೋಯಿತು. ಅದರ ಹಿಂದೆಯೇ ಕಬ್ಬು ತುಂಬಿದ ಒಂದು ಟ್ರೇಲರು ಅದೇ ಗುಂಡಿಗಳ ಮೇಲೆ ಸದ್ದಿಲ್ಲದೆ ತೇಲುತ್ತ ಒಳಗೆ ಬಂತು. ಇಪ್ಪತ್ತಾರು ವರ್ಷ ದಿನಾ ನೋಡಿದ ದೃಶ್ಯ. ಅಂದು ಮಾತ್ರ ನನಗೆ ಅದರ ಮರ್ಮ ಹೊಳೆಯಿತು. ಖಾಲಿ ಗಾಡಿ ಹಾರುತ್ತದೆ, ತುಂಬಿದ ಗಾಡಿ ತೇಲುತ್ತದೆ! ನನ್ನ ಕಾರಿಗೆ ಯಾವ ರೋಗವೂ ಇರಲಿಲ್ಲ. ಹಸಿವಿತ್ತು.

ಮರಳು ಹಾಕಿದರೆ ಸೀಟು ಹೊಲಸಾಗುತ್ತದೆ. ಯೋಚಿಸಿ, ಐವತ್ತು ಕಿಲೋ ತೂಕದ ನಾಲ್ಕು ಚೀಲ ಹಿಂಡಿ ತಂದೆ, ದನಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿ. ಎರಡು ಚೀಲ ಡಿಕ್ಕಿಯಲ್ಲಿ, ಎರಡು ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ. ಮಗಳು ಕಾಲು ಚಾಚಿ ಅವುಗಳ ಮೇಲೆ ಇಟ್ಟುಕೊಳ್ಳಬಹುದೆಂಬುದು ಹೆಚ್ಚಿನ ಅನುಕೂಲ.

"ನಮ್ಮ ಮನ್ಯಾಗ ಆಕಳಾ ಇಲ್ಲ, ಎಮ್ಮಿ ಇಲ್ಲ. ಹಿಂಡಿ ಯಾರ ತಿಂತಾರ?" ಎಂದಳು ಸುಮಿತ್ರಾ.

"ಕಾರು," ಎಂದೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಈಗ ಹೇಳುವುದನ್ನು ಗಮನವಿಟ್ಟು ಕೇಳಿ, ಏಕೆಂದರೆ ಮುಂದೆ ಯಾರೂ ಇದನ್ನು ಒಪ್ಪುವುದಿಲ್ಲ. ಕಾರು ತೇಲಿತು! ಅಂಕಲಿ ದಾಟಿತು, ಕೃಷ್ಣೆಯ ಸೇತುವೆ ದಾಟಿತು, ಸುಮಿತ್ರಾ ಹಿಡಿಕೆ ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟೇ ಅಲ್ಲ, ನಿದ್ದೆ ಹೋದಳು! ಇದಕ್ಕಿಂತ ದೊಡ್ಡ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು?

ಒಂಬತ್ತೂವರೆಗೆ ಬೀಗರ ಅಂಗಳಕ್ಕೆ ಬಂದೆವು. ಗಂಗವ್ವ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಕಾಲಿಗೆ ನೀರು ಕೊಟ್ಟರು. ಕಾರಿನೊಳಗೆ ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ಅಯ್ಯ ಬೀಗರ! ನಮ್ಮ ಎಮ್ಮಿ ಈದದ್ದ ನಿಮಗ ಹೆಂಗ ಗೊತ್ತಾತ್ರಿ?"

ನಾನು ಬಾಯಿ ತೆರೆದೆ. ಅವರೇ ಮುಂದುವರಿಸಿದರು.

"ಎಂಟ ದಿವಸ ಆತ್ರಿ ಈದ. ನಿನ್ನಿನ ಅಂದೇನಿ, ಹಿಂಡಿ ತೀರಿತು ಅಂತ. ನಾಕ ಚೀಲಾ! ನೋಡ್ರಿ, ಮಂದಿ ಹಣ್ಣ ತರ್ತಾರ, ಫೇಡೇ ತರ್ತಾರ. ಮನಿ ಎಮ್ಮೀನ ನೆನಸಿದ ಬೀಗರು ನೀವ ಮೊದಲ್ನೇದಾವರು!"

ಅಶ್ವಿನಿ ಹಿಂದಿನಿಂದ ಬಂದು ನನ್ನ ಮುಖ ನೋಡಿದಳು. ಅವಳು ನನ್ನ ಮಗಳು. ಎಲ್ಲ ಗೊತ್ತಾಯಿತು. "ಅಪ್ಪಾ, ಏನ ಮಾಡಿಟ್ಟಿ?" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಅಳಿಯ ಅಂಗಿಯ ತೋಳು ಮಡಚಿ ಚೀಲಗಳನ್ನು ಇಳಿಸತೊಡಗಿದ್ದ. ಒಂದೊಂದು ಚೀಲ ಇಳಿದಂತೆ ಕಾರು ಒಂದೊಂದು ಬೆರಳು ಮೇಲೇರಿತು. ನಾನು ನಿಂತು ನೋಡಿದೆ. ಬೀಗರ ಅಂಗಳದಲ್ಲಿ ನಿಂತು, "ಅದು ನಿಮ್ಮ ಎಮ್ಮೆಗಲ್ಲ, ನನ್ನ ಶಾಕ್ ಅಬ್ಸಾರ್ಬರಿಗೆ" ಎಂದು ಹೇಳುವ ಗಂಡಸು ಚಿಕ್ಕೋಡಿ, ಅಥಣಿ, ರಾಯಬಾಗ ಮೂರೂ ಕಡೆ ಹುಡುಕಿದರೂ ಸಿಕ್ಕಲಾರ.

"ನಡೀರಿ, ಈಗ ನಿಮ್ಮ ಗಾಡಿ ನೋಡೂನು," ಎಂದರು ಗಂಗವ್ವ. ಒಳಗೆ ಹೋಗಿ ಒಂದು ಹಿತ್ತಾಳೆಯ ತಂಬಿಗೆಯಲ್ಲಿ ಕಂಠಮಟ್ಟ ನೀರು ತುಂಬಿಕೊಂಡು ಬಂದರು.

ಇದು ಅವರ ಮನೆಯ ಪದ್ಧತಿ. ಎತ್ತಿನ ಚಕ್ಕಡಿಯ ಕಾಲದಿಂದ ಬಂದದ್ದು. ಬಸುರಿಯನ್ನು ತವರಿಗೆ ಕಳಿಸುವ ಮೊದಲು ಮನೆಯ ಹಿರಿಯಳು ತುಂಬಿದ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದೇ ಗಾಡಿಯಲ್ಲಿ ಅಗಸೆಯವರೆಗೆ, ಎಂದರೆ ಊರಬಾಗಿಲಿನವರೆಗೆ, ಹೋಗಿ ಬರುತ್ತಾಳೆ. ನೀರು ಚೆಲ್ಲದಿದ್ದರೆ ಬಸುರಿ ಹತ್ತಬೇಕು. ಚೆಲ್ಲಿದರೆ ಬೇರೆ ಗಾಡಿ.

ಗಂಗವ್ವ ಮುಂದಿನ ಸೀಟಿನಲ್ಲಿ ಕುಳಿತರು. ತಂಬಿಗೆ ತೊಡೆಯ ಮೇಲೆ. ಸೆರಗು ಹೊದ್ದು ನೆಟ್ಟಗೆ ಕುಳಿತ ಅವರನ್ನು ನೋಡಿದರೆ ಪೂಜೆಗೆ ಹೊರಟಂತಿತ್ತು. ನಾನು ಕಾರನ್ನು ಮೊದಲನೆಯ ಗೇರಿನಲ್ಲಿ, ಕಬ್ಬಿನ ಟ್ರ್ಯಾಕ್ಟರಿಗಿಂತ ನಿಧಾನವಾಗಿ ಬಿಟ್ಟೆ.

ಅಂಗಳದಿಂದ ರಸ್ತೆಗೆ ಇಳಿಯುವಲ್ಲಿ ಒಂದು ಚಪ್ಪಡಿ ಕಲ್ಲು ಇತ್ತು. ಅದು ನನ್ನ ಎರಡು ಬೆರಳಿನಷ್ಟು ಎತ್ತರ, ಆಮೇಲೆ ಅಳೆದು ನೋಡಿದ್ದೇನೆ. ಮುಂದಿನ ಚಕ್ರ ಅದರಿಂದ ಇಳಿಯಿತು. ತಂಬಿಗೆ ಗಂಗವ್ವನ ತೊಡೆ ಬಿಟ್ಟು ಮೇಲೆದ್ದಿತು. ಅವರು ಹಿಡಿದರು. ನೀರು ಮಾತ್ರ ನಿಲ್ಲದೆ ಮುಂದುವರಿದು ಅವರ ಗದ್ದ ಮುಟ್ಟಿತು.

"ಹೊಸಾವ್ ಅದಾವ್ರಿ," ಎಂದೆ.

"ಹೂಂ," ಎಂದರು.

ಮುಂದೆ ಶಾಲೆಯ ಹತ್ತಿರ ರಸ್ತೆಯುಬ್ಬು ಇತ್ತು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ, ಏಕೆಂದರೆ ಆ ಕ್ಷಣದಲ್ಲಿ ನನ್ನ ಕನ್ನಡಕದ ತುಂಬ ನೀರಿತ್ತು. ಒರೆಸಿಕೊಂಡು ನೋಡಿದಾಗ ಗಂಗವ್ವ ನೆಟ್ಟಗೆ ಕುಳಿತೇ ಇದ್ದರು. ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಕುಂಕುಮ ಮೂಗಿನ ತುದಿಗೆ ಬಂದಿತ್ತು. ಹೊಸ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಂಬಿಗೆಯಲ್ಲಿ ಏನೂ ಇರಲಿಲ್ಲ.

"ಬೀಗರ," ಎಂದರು ಬಹಳ ಶಾಂತವಾಗಿ, "ನಾ ಮುಂಜಾನೆ ಸ್ನಾನ ಮಾಡಿದ್ನೆಲ್ರಿ."

ಅಂಗಳಕ್ಕೆ ವಾಪಸಾದೆವು. ತಾಯಿಯ ಸೀರೆ ನೋಡಿ ಅಳಿಯ ಜೀಪು ಹೊರತೆಗೆದ. ಗಂಗವ್ವ ಸೀರೆ ಬದಲಿಸಿ, ಅದೇ ತಂಬಿಗೆ ತುಂಬಿಕೊಂಡು, ಅದೇ ಶಾಲೆ ದಾಟಿ ಅಗಸೆಯವರೆಗೆ ಹೋಗಿ ಬಂದರು. ಒಂದು ಹನಿಯೂ ಚೆಲ್ಲಿಲ್ಲ ಎಂದು ಎಲ್ಲರೂ ಹೇಳಿದರು. ನಾನು ಹತ್ತಿರ ಹೋಗಿ, ಬಗ್ಗಿ, ಸೀಟನ್ನು ಕೈಯಿಂದ ಮುಟ್ಟಿ ನೋಡಿದೆ. ಎರಡು ಹನಿ ಚೆಲ್ಲಿತ್ತು. ಎರಡು!

"ಅಪ್ಪಾ, ಸಾಕ ಬಿಡು," ಎಂದಳು ಅಶ್ವಿನಿ.

ಗೋಡೆಯ ಮರೆಗೆ ಹೋಗಿ ಸದುವಿಗೆ ಫೋನು ಹಚ್ಚಿದೆ. "ಸದು, ಇಪ್ಪತ್ತೆಂಟಕ್ಕ ಇಟ್ಟೇನಿ. ಕಲ್ಲ ಆಗೇತಿ!"

"ಕುಠೂನ್ ಎಣಿಸಿದ್ರಿ? ಎಲ್ಲಿಂದ?"

"ಮೆತ್ತಗಿನ ಕಡಿಂದ."

ಸದು ಹಣೆ ಬಡಿದುಕೊಂಡ ಸದ್ದು ಕೇಳಿತು. "ಅರೇ ದೇವಾ! ಕಾಕಾ, ಇದನ್ನ ಯಾವಾಗಲೂ ಕಡಕ್ ತುದಿಯಿಂದ ಹಿಂದಕ್ಕ ಎಣಿಸೂದು. ನೀವು ಪೂರಾ ಕಡಕ್‌ಗೆ ಇನ್ನ ನಾಕ ಟಿಕ್ ಇದ್ದಾಗ ಬಿಟ್ಟೀರಿ. ಈಗ ಬಗ್ಗಿ ಇಪ್ಪತ್ನಾಕ ಟಿಕ್ ಎಡಕ್ಕ ತಿರುವ್ರಿ, ಗಾದಿ ಆಗತೈತಿ."

ಗೋಡೆಯ ಮರೆಯಿಂದ ಇಣುಕಿ ನೋಡಿದೆ. ಗಂಗವ್ವ ಕಟ್ಟೆಯ ಮೇಲೆ ಕುಳಿತು ತಲೆ ಒರೆಸಿಕೊಳ್ಳುತ್ತ ನನ್ನ ಕಾರನ್ನೇ ನೋಡುತ್ತಿದ್ದರು. ಅವರ ಕಣ್ಣೆದುರಿಗೆ ನಾನು ನಾಲ್ಕು ಚಕ್ರಗಳ ಹಿಂದೆ ನಾಲ್ಕು ಸಲ ನೆಲಕ್ಕೆ ಬಗ್ಗುವುದೇ? ಹಾಗೆ ಬಗ್ಗಿದರೆ ಕಾರು ತಪ್ಪು ಮಾಡಿತು ಎಂದಾಗುತ್ತದೆ. ಅಥವಾ ನಾನು. ಎರಡಕ್ಕೂ ನಾನು ಸಿದ್ಧನಿರಲಿಲ್ಲ.

"ಇರ್ಲಿ ಬಿಡು ಸದು, ಹಿಂಗ ಚೊಲೊ ಐತಿ," ಎಂದು ಫೋನು ಇಟ್ಟೆ.

ಉಡಿ ತುಂಬಿದರು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅಶ್ವಿನಿ ಹೊಸ್ತಿಲು ದಾಟಿದಳು. ಜೀಪಿನ ಹತ್ತಿರ ಹೋದವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಕೆಂಪು ಕಾರಿನ ಬಾಗಿಲು ಹಿಡಿದು, ಹತ್ತುವವರಿಲ್ಲದ ಗಾಡಿಯ ಚಾಲಕನಂತೆ ನಿಂತಿದ್ದೆ. ಸುಮಿತ್ರಾ ಆಗಲೇ ಜೀಪು ಹತ್ತಿ ಕುಳಿತಿದ್ದಳು. ಬಸುರಿಗೆ ಜೊತೆ ಬೇಕಂತೆ. ಅಶ್ವಿನಿ ಅತ್ತೆಯ ಕೈಯಲ್ಲಿದ್ದ ದೊಡ್ಡ ಬುತ್ತಿಯ ಗಂಟನ್ನು ತೋರಿಸಿ, "ಅತ್ತೀ, ಬುತ್ತಿ ಅಪ್ಪನ ಕಾರಿನ್ಯಾಗ ಬರ್ಲಿ. ನಾ ಬರಾಕ ಆಗ್ಲಿಲ್ಲ. ಅದಾದ್ರೂ ಬರ್ಲಿ," ಎಂದಳು.

ಗಂಗವ್ವ ಗಂಟನ್ನೂ ನೋಡಿದರು, ನನ್ನನ್ನೂ ನೋಡಿದರು. "ನೂರಾ ಒಂದು ಕಟಕ ರೊಟ್ಟಿ ಅದಾವ್ರಿ ಬೀಗರ. ಮೂರ ದಿವಸ ಬಡದೇವಿ. ಓಣಿ ಮಂದಿಗೆಲ್ಲಾ ಬೀರಬೇಕು. ಹಗೂರಕ ಒಯ್ರಿ," ಎಂದು ಹಪ್ಪಳದಂತೆ ಒಣಗಿದ ಜೋಳದ ರೊಟ್ಟಿಗಳ ಆ ಗಂಟನ್ನು ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸುವಂತೆ ಇಟ್ಟರು.

ಮುಂದೆ ಜೀಪು, ಹಿಂದೆ ನಾನು. ನಿಧಾನವಾಗಿ, ಬಹಳ ನಿಧಾನವಾಗಿ ಬಂದೆ. ಮೊದಮೊದಲು ಗಂಟಿನೊಳಗಿಂದ ಕಟಕ್ ಕಟಕ್ ಎಂಬ ಸದ್ದು ಬರುತ್ತಿತ್ತು. ಸೇತುವೆಯ ಹತ್ತಿರ ಅದು ಕರಕರ ಎಂದಾಯಿತು. ಅಂಕಲಿ ದಾಟಿದ ಮೇಲೆ ಪೂರ್ತಿ ನಿಂತಿತು. ರೊಟ್ಟಿಗಳು ಒಂದಕ್ಕೊಂದು ಹೊಂದಿಕೊಂಡವು ಎಂದು ನನಗೆ ಸಮಾಧಾನವಾಯಿತು.

ಮನೆಯ ಬಾಗಿಲಲ್ಲಿ ಓಣಿಯ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಮಗಳು ಜೀಪಿನಿಂದ ಇಳಿದಳು. ಎಲ್ಲರೂ ನೋಡಿದರು. ನನ್ನ ಕಾರಿನಿಂದ ಗಂಟು ಇಳಿಯಿತು. ಅದನ್ನೂ ನೋಡಿದರು. ಸುಮಿತ್ರಾ ಪಡಸಾಲೆಯಲ್ಲಿ ಗಂಟು ಬಿಚ್ಚಿದಳು. ಒಂದೂ ರೊಟ್ಟಿ ಇರಲಿಲ್ಲ. ಸಣ್ಣಗೆ, ನವಿರಾಗಿ, ಬಿಳಿ ಅರಿವೆಯ ತುಂಬ ಜೋಳದ ಹಿಟ್ಟಿತ್ತು.

"ರೊಟ್ಟಿ ಬಡ್ಯಾಕ ಮೂರ ದಿವಸ," ಎಂದಳು ಸುಮಿತ್ರಾ. "ವಾಪಸ್ ಹಿಟ್ಟ ಮಾಡಾಕ ಮೂರ ತಾಸು."

ಇಲ್ಲಿ ನಾನು ಒಂದು ಅಂಶವನ್ನು ಎಲ್ಲರ ಗಮನಕ್ಕೆ ತಂದೆ. ಗಂಟಿನ ನಾಲ್ಕೂ ಮೂಲೆಯಲ್ಲಿ ಪುಡಿ ಒಂದೇ ಸಮನಾಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಎಂಬುದು ಇರಲಿಲ್ಲ. ನಾಲ್ಕು ಶಾಕ್ ಅಬ್ಸಾರ್ಬರುಗಳೂ ಒಂದೇ ರೀತಿ ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಅಶ್ವಿನಿ ಒಂದು ಹಿಡಿ ಪುಡಿಗೆ ಮೊಸರು ಕಲಸಿಕೊಂಡು, ಗೋಡೆಗೆ ಒರಗಿ ಕುಳಿತು ತಿಂದಳು.

"ಚೊಲೊ ಆತ ಬಿಡಪ್ಪಾ, ಅಗಿಯೂ ಕೆಲಸಾ ಉಳೀತು," ಎಂದು ನಕ್ಕಳು. ನಗುತ್ತ ಹೊಟ್ಟೆ ಹಿಡಿದುಕೊಂಡಳು. ಒಳಗಿನದು ಒದೆಯಿತಂತೆ. ಅದು ಯಾರ ಪಕ್ಷವೆಂದು ಇನ್ನೂ ಗೊತ್ತಾಗಿಲ್ಲ.

ಬುತ್ತಿಯನ್ನು ಮನೆಮನೆಗೆ ಬೀರುವುದನ್ನು ಬಿಡುವಂತಿಲ್ಲ. ಸುಮಿತ್ರಾ ನನ್ನ ಕೈಗೆ ಒಂದು ಡಬ್ಬಿ, ಅಳೆಯಲು ಬಟ್ಟಲಿನಂಥ ಒಂದು ವಾಟಿ ಕೊಟ್ಟು, "ಮಾಡಿದಾವರ ಹೋಗಿ ಬೀರ್ರಿ," ಎಂದಳು. ಹೋದೆ. ಹದಿನಾಲ್ಕು ಮನೆ. ಪ್ರತಿಯೊಂದು ಬಾಗಿಲಲ್ಲೂ "ರೊಟ್ಟಿ ತಗೋರಿ" ಎಂದು ಹೇಳಿ, ತಲೆ ಎತ್ತಿಕೊಂಡೇ ಒಂದೊಂದು ವಾಟಿ ಅಳೆದು ಸುರಿದೆ. ಕಡೆಯ ಮನೆ ಸ್ವಲ್ಪ ದೂರ, ಬಿಸಿಲೂ ಇತ್ತು. ಕಾರಿನಲ್ಲಿ ಹೋಗಬಹುದಿತ್ತು.

ನಡೆದುಕೊಂಡೇ ಹೋದೆ!